ಸಾಧು ಸುಂದರ್ ಸಿಂಗರ ವಿದೇಶ ಪ್ರಯಾಣಗಳು: ಯಾವುದಕ್ಕೆ ಪುರಾವೆ ಇದೆ, ಯಾವುದಕ್ಕೆ ಇಲ್ಲ?

ಕಾಪು ಕಡಲು

ನಮ್ಮ ಸಭೆಯ ಉಜ್ಜೀವನ ಕೂಟಕ್ಕೆ ಹೊರಗಿನಿಂದ ಒಬ್ಬರು ಪ್ರಸಂಗಿಗಳು ಬಂದಿದ್ದರು. ಒಂದು ಇಡೀ ಸಂಜೆ ಸಾಧು ಸುಂದರ್ ಸಿಂಗರ ಕಥೆಯನ್ನೇ ಹೇಳಿದರು. ಕಾವಿ ಉಟ್ಟ ಪಂಜಾಬಿ ಹುಡುಗ ಲಂಡನ್ನಿನಲ್ಲಿ, ಅಮೆರಿಕದಲ್ಲಿ, ಜಪಾನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಸುವಾರ್ತೆ ಸಾರಿದ್ದು. ಟಿಬೆಟಿನಲ್ಲಿ ಅವರನ್ನು ಹೆಣಗಳಿದ್ದ ಬಾವಿಗೆ ಎಸೆದಾಗ ಯಾರೋ ಬಂದು ಎತ್ತಿದ್ದು. ಕೈಲಾಸದ ಗುಹೆಯಲ್ಲಿ ಮುನ್ನೂರು ವರ್ಷ ದಾಟಿದ ಕ್ರೈಸ್ತ ಮಹರ್ಷಿಯನ್ನು ಕಂಡದ್ದು. ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಒಂದೇ ಭರವಸೆಯಲ್ಲಿ ಹೇಳಿದರು.

ನನ್ನ ತಂಗಿಯ ಮಗಳು ಪಿಯುಸಿ ಓದುತ್ತಿದ್ದಾಳೆ. ಮನೆಗೆ ಬಂದವಳೇ, "ಮಾಮ, ಇದರಲ್ಲಿ ಯಾವುದನ್ನು ಬೇರೆಯವರು ನೋಡಿದ್ದಾರೆ, ಯಾವುದು ಅವರೊಬ್ಬರೇ ಹೇಳಿದ್ದು?" ಅಂತ ಕೇಳಿದಳು. ಅವಳು ಗೇಲಿ ಮಾಡಲಿಲ್ಲ, ನಿಜವಾಗಿ ತಿಳಿಯಬೇಕು ಅಂತ ಕೇಳಿದ್ದು. ಚಿಕ್ಕಂದಿನಿಂದ ಈ ಕಥೆಗಳನ್ನು ಕೇಳುತ್ತಾ ಬೆಳೆದ ನನಗೂ ಈಗ ಅದು ತಿಳಿಯಬೇಕು. ಇಲ್ಲಿ ಹಳೆಯ ದಾಖಲೆ ನೋಡಿ ಗೊತ್ತಿರುವವರು ಇದ್ದೀರಿ. ದಯವಿಟ್ಟು ತಿಳಿಸಿ.

ಹಳೆ ಕಾಗದ

ಕಾಪುವಿನವರೇ, ನಿಮ್ಮ ಸೊಸೆ ಕೇಳಿದ ಪ್ರಶ್ನೆಯನ್ನು ನೂರು ವರ್ಷದ ಹಿಂದೆ ಯುರೋಪಿನ ಪಂಡಿತರು ಕೇಳಬೇಕಾಗಿತ್ತು. ಅವರಲ್ಲಿ ಹೆಚ್ಚಿನವರು "ಈತ ಸಂತನೋ ಮೋಸಗಾರನೋ" ಅಂತ ಜಗಳವಾಡಿದರು. ಇಡೀ ಮನುಷ್ಯನನ್ನು ತಕ್ಕಡಿಯಲ್ಲಿಟ್ಟರೆ ಯಾವ ಪ್ರಯಾಣ ನಡೆಯಿತು ಅಂತ ಗೊತ್ತಾಗುವುದಿಲ್ಲ. ಒಂದೊಂದು ಪ್ರಯಾಣವನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ಸಮುದ್ರ ದಾಟಿದ ಪ್ರಯಾಣಗಳು. ಇವುಗಳಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಸುಂದರ್ ಸಿಂಗ್ ಹುಟ್ಟಿದ್ದು 1889ರಲ್ಲಿ, ಪಟಿಯಾಲ ಸಂಸ್ಥಾನದ ರಾಮ್‌ಪುರದ ಅನುಕೂಲಸ್ಥ ಸಿಖ್ ಮನೆಯಲ್ಲಿ. 1905ರಲ್ಲಿ ಶಿಮ್ಲಾದಲ್ಲಿ ದೀಕ್ಷಾಸ್ನಾನ. 1918ರಲ್ಲಿ ದಕ್ಷಿಣ ಭಾರತ ಮತ್ತು ಸಿಲೋನ್ ಸುತ್ತಿದರು. ಅಲ್ಲಿಂದ ಮುಂದೆ ಬರ್ಮಾ, ಮಲಯ, ಜಪಾನ್, ಚೀನಾ. ಮಗನನ್ನು ಮನೆಯಿಂದ ಹೊರಹಾಕಿದ್ದ ತಂದೆ ಶೇರ್ ಸಿಂಗ್ ಕೊನೆಗೆ ಒಲಿದು ಇಂಗ್ಲೆಂಡಿನ ಪ್ರಯಾಣಕ್ಕೆ ತಾವೇ ಹಣ ಕೊಟ್ಟರು. 1920ರ ಜನವರಿಯಲ್ಲಿ ಮುಂಬಯಿಯಿಂದ ಹಡಗು ಹತ್ತಿದ್ದು. ಬರ್ಮಿಂಗ್‌ಹ್ಯಾಮ್, ಆಕ್ಸ್‌ಫರ್ಡ್, ಲಂಡನ್. ವೆಸ್ಟ್‌ಮಿನ್‌ಸ್ಟರಿನ ಚರ್ಚ್ ಹೌಸಿನಲ್ಲಿ ನೂರಾರು ಪಾದ್ರಿಗಳ ಮುಂದೆ ಭಾಷಣ. ಆಮೇಲೆ ಅಮೆರಿಕ, ಅಲ್ಲಿಂದ ಪೆಸಿಫಿಕ್ ದಾಟಿ ಆಸ್ಟ್ರೇಲಿಯಾ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಭಾರತಕ್ಕೆ ವಾಪಸು. 1922ರಲ್ಲಿ ಎರಡನೇ ಸುತ್ತು: ಪ್ಯಾಲೆಸ್ಟೈನ್, ಸ್ವಿಟ್ಜರ್ಲೆಂಡ್, ಜರ್ಮನಿ, ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಹಾಲೆಂಡ್, ಮತ್ತೆ ಇಂಗ್ಲೆಂಡ್.

ಇವೆಲ್ಲ ಹೇಗೆ ಖಚಿತ ಅಂದರೆ, ಹೇಳುವವರು ಅವರೊಬ್ಬರೇ ಅಲ್ಲ. ಪ್ಯಾಲೆಸ್ಟೈನಿನಲ್ಲಿ ಅವರ ಜೊತೆ ಇದ್ದವರು ಸರ್ ವಿಲಿಯಂ ವಿಲ್‌ಕಾಕ್ಸ್, ನೈಲ್ ನದಿಯ ಅಸ್ವಾನ್ ಅಣೆಕಟ್ಟಿನ ಎಂಜಿನಿಯರ್. ಸ್ವೀಡನ್ನಿನಲ್ಲಿ ಬರಮಾಡಿಕೊಂಡವರು ಉಪ್ಸಾಲದ ಆರ್ಚ್‌ಬಿಷಪ್ ನಾಥನ್ ಸೋಡರ್‌ಬ್ಲೋಮ್, 1930ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಆಕ್ಸ್‌ಫರ್ಡಿನಲ್ಲಿ ಬಿ. ಎಚ್. ಸ್ಟ್ರೀಟರ್ ಎಂಬ ದೊಡ್ಡ ಬೈಬಲ್ ಪಂಡಿತರು ಮತ್ತು ಎ. ಜೆ. ಅಪ್ಪಾಸಾಮಿ ಎಂಬ ತಮಿಳು ವಿದ್ಯಾರ್ಥಿ ಎದುರಾ ಎದುರು ಕೂತು ಮಾತಾಡಿ 1921ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಷ್ಟು ಜನ ಕೂಡಿ ಸುಳ್ಳು ಹೇಳುವುದು ಸಾಧ್ಯವಿಲ್ಲ.

ಟಿಬೆಟಿನ ವಿಷಯ ಬೇರೆಯೇ. ಅದನ್ನು ಬಿಡುವಾದಾಗ ಬರೆಯುತ್ತೇನೆ.

ಮಲಪ್ರಭಾ

ಒಂದ್ ಮಾತು ಕೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಅವ್ವ ಧಾರವಾಡದಾಗ ಸಂಡೇ ಸ್ಕೂಲಿನ್ಯಾಗ ಈ ಸಾಧುನ ಕಥಿ ಹೇಳಿ ಹೇಳಿ ನಮ್ಮನ್ನ ಬೆಳಿಸ್ಯಾಳ. ಬಿಳಿ ಪಾದ್ರಿ ಹೇಳಿದ್ದ ಕ್ರಿಸ್ತನ್ನ ಬಿಟ್ಟು, ಕಾವಿ ಉಟ್ಟ ನಮ್ಮವನೊಬ್ಬ ಹೇಳಿದ ಕ್ರಿಸ್ತ ಅಂತ ಆಕಿಗೆ ಭಾಳ ಅಭಿಮಾನ. ಸೂಟು ಬೂಟಿನವರಿಗೆ ಪುರಾವೆ ಕೇಳದವರು ಕಾವಿ ಉಟ್ಟವಗ ಯಾಕ ಇಷ್ಟು ಪುರಾವೆ ಕೇಳ್ತಾರ? ಆವಾಗೂ ಇದ ಆತು, ಈಗೂ ಇದ ನಡೀಲಿಕ್ಕತ್ತದ ಅನಸ್ತದ.

ಕಾಪು ಕಡಲು

ಅಕ್ಕ, ನಿಮ್ಮ ಅವ್ವನ ಅಭಿಮಾನ ನನ್ನದೂ ಹೌದು. ಆದರೆ ನಾವು ಕೇಳದಿದ್ದರೂ ಮಕ್ಕಳು ಕೇಳುತ್ತಾರೆ. ಉತ್ತರ ಕೊಡದೆ "ವಿಶ್ವಾಸವಿಡು" ಅಂತ ಬಾಯಿ ಮುಚ್ಚಿಸಿದರೆ ಲಂಡನ್ನಿನ ಪ್ರಯಾಣವನ್ನೂ ಅವರು ನಂಬುವುದಿಲ್ಲ.

ಹಳೆ ಕಾಗದ

ಮಲಪ್ರಭಾ ಅಕ್ಕ ಎತ್ತಿದ ಮಾತು ತೂಕದ್ದು. 1920ರ ದಶಕದ ವಿಚಾರಣೆಯಲ್ಲಿ ಜನಾಂಗದ ಅಹಂಕಾರ ಇರಲಿಲ್ಲ ಅಂತ ಯಾರೂ ಹೇಳಲಾರರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಟಿಬೆಟಿನ ಕಡೆ ನೋಡೋಣ.

ಸುಂದರ್ ಸಿಂಗರ ಬೀಡು ಶಿಮ್ಲಾ ಬೆಟ್ಟದ ಸಬಾಥು. ಅಲ್ಲಿಂದ ಕೋಟ್‌ಗಢ, ರಾಮ್‌ಪುರ ಬುಶಹರ್ ದಾಟಿ ಸಟ್ಲೆಜ್ ಕಣಿವೆಯಲ್ಲಿ ಹಿಂದುಸ್ತಾನ್-ಟಿಬೆಟ್ ರಸ್ತೆ ಹೋಗುತ್ತದೆ. ಅದರ ತುದಿಯಲ್ಲಿ ಶಿಪ್ಕಿ ಲಾ ಕಣಿವೆಬಾಗಿಲು, ಆಚೆ ಟಿಬೆಟ್. ಕೋಟ್‌ಗಢದಲ್ಲಿ ಆಗ ಇದ್ದವರು ಸ್ಯಾಮ್ಯುಯೆಲ್ ಸ್ಟೋಕ್ಸ್, ಮುಂದೆ ಸತ್ಯಾನಂದ ಸ್ಟೋಕ್ಸ್ ಆಗಿ ಹಿಮಾಚಲದಲ್ಲಿ ಸೇಬಿನ ಬೆಳೆ ಹಬ್ಬಿಸಿದವರು. ಸುಂದರ್ ಸಿಂಗ್ ಅವರ ಜೊತೆ ಕೆಲಕಾಲ ದುಡಿದಿದ್ದಾರೆ. ಗಡಿಗೆ ಹತ್ತಿರದ ಪೂ ಎಂಬ ಹಳ್ಳಿಯಲ್ಲಿ ಮೊರಾವಿಯನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಮಿಶನರಿಗಳ ನೆಲೆ ಇತ್ತು. 1908ರ ಮೊದಲ ಯಾತ್ರೆಯಲ್ಲಿ ಅವರು ಈತನನ್ನು ಉಳಿಸಿಕೊಂಡು, ಒಂದಿಷ್ಟು ಟಿಬೆಟಿ ಮಾತು ಕಲಿಸಿ ಕಳಿಸಿದರು. ಅಂದರೆ ಗಡಿಯವರೆಗೂ ಸಾಕ್ಷಿಗಳು ಇದ್ದಾರೆ. ಗಡಿಯ ಆಚೆಯ ಕೆಲವು ಊರುಗಳಿಗೆ ಹೋಗಿರುವುದೂ ನಂಬತಕ್ಕದ್ದೇ.

ಕಷ್ಟ ಶುರುವಾಗುವುದು ಅದರಿಂದಾಚೆ. ರಸಾರ್ ಎಂಬ ಊರಿನಲ್ಲಿ ದೊಡ್ಡ ಲಾಮಾ ತನ್ನನ್ನು ಒಣಬಾವಿಗೆ ಹಾಕಿಸಿ ಮುಚ್ಚಳಕ್ಕೆ ಬೀಗ ಜಡಿಸಿದ. ಮೂರನೇ ರಾತ್ರಿ ಯಾರೋ ಹಗ್ಗ ಇಳಿಬಿಟ್ಟು ಎತ್ತಿದರು. ಬೀಗದ ಕೈ ನೋಡಿದರೆ ಲಾಮಾನ ಸೊಂಟದಲ್ಲೇ ಇತ್ತು ಎಂಬುದು ಕಥೆ. ಇದಕ್ಕೆ ಎರಡನೆಯ ಸಾಕ್ಷಿ ಇಲ್ಲ. ಆ ಹೆಸರಿನ ಊರನ್ನು ಭೂಪಟದಲ್ಲಿ ಬೆರಳಿಟ್ಟು ತೋರಿಸಲು ಅವರ ಪರ ನಿಂತವರಿಗೂ ಆಗಲಿಲ್ಲ. ಕೈಲಾಸದ ಮಹರ್ಷಿಯ ಕಥೆ ಇನ್ನೂ ಬಿಕ್ಕಟ್ಟಿನದು. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವನಂತೆ, ಸಂತ ಫ್ರಾನ್ಸಿಸ್ ಕ್ಸೇವಿಯರರ ಸೋದರ ಸಂಬಂಧಿಯೊಬ್ಬನಿಂದ ದೀಕ್ಷಾಸ್ನಾನ ಪಡೆದನಂತೆ. ಕ್ಸೇವಿಯರರು ತೀರಿಕೊಂಡದ್ದು 1552ರಲ್ಲಿ. ಅವರ ಮನೆತನದ ವಿವರ, ಅವರ ಪತ್ರಗಳು ಎಲ್ಲವೂ ಅವರದೇ ಕ್ಯಾಥೊಲಿಕ್ ಸನ್ಯಾಸಿ ಸಂಘವಾದ ಜೆಸ್ವಿತರ ಕೈಯಲ್ಲಿ ಇರುವಂಥವು. ಹೀಗೆ ಪರೀಕ್ಷಿಸಬಲ್ಲ ಒಂದು ಹೆಸರನ್ನು ಸುಂದರ್ ಸಿಂಗರೇ ಕಥೆಯೊಳಗೆ ತಂದಿಟ್ಟರು, ಪರೀಕ್ಷಿಸುವವರು ಬಂದರು.

ಮೂರನೆಯದು ಗುಪ್ತ ಸನ್ಯಾಸಿ ಮಂಡಲಿ. ಭಾರತದ ಉದ್ದಗಲಕ್ಕೂ ಹೊರಗೆ ಹಿಂದೂ ಸನ್ಯಾಸಿಗಳಾಗಿ, ಒಳಗೆ ಕ್ರಿಸ್ತನ ಭಕ್ತರಾಗಿ ಸಾವಿರಾರು ಜನ ಇದ್ದಾರೆ ಎಂದರು. ಸಾವಿರಾರು ಜನರ ಸಂಘದಿಂದ ಒಬ್ಬನೂ ಹೊರಬಂದು "ಹೌದು" ಅನ್ನಲಿಲ್ಲ. ನನಗೆ ಟಿಬೆಟಿನ ಬಾವಿಗಿಂತ ಇದೇ ದೊಡ್ಡ ತೊಡಕು. ಟಿಬೆಟ್ ದೂರ, ದಾರಿ ಮುಚ್ಚಿತ್ತು ಅನ್ನಬಹುದು. ಬನಾರಸ್, ಹರಿದ್ವಾರಗಳಿಗೆ ರೈಲು ಓಡುತ್ತಿತ್ತು.

ಬಿಜೈ ಬೀದಿ

ನಾನು ಮಂಗಳೂರಿನ ಕ್ಯಾಥೊಲಿಕ್. ಆ ಪರೀಕ್ಷಿಸಲು ಬಂದವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕೆಂದರೆ ಪ್ರೊಟೆಸ್ಟೆಂಟ್ ಬರಹಗಳಲ್ಲಿ ಅವರನ್ನು ಬರೀ ಹೊಟ್ಟೆಕಿಚ್ಚಿನವರಂತೆ ತೋರಿಸುತ್ತಾರೆ.

ಫಾದರ್ ಎಚ್. ಹೋಸ್ಟನ್ ಬೆಲ್ಜಿಯಂನ ಜೆಸ್ವಿತ್, ಡಾರ್ಜಿಲಿಂಗಿನಲ್ಲಿ ಇದ್ದವರು. ಅಕ್ಬರನ ಆಸ್ಥಾನಕ್ಕೆ ಹೋದ ಮೊನ್ಸೆರಾತೆಯ ಲ್ಯಾಟಿನ್ ಬರಹವನ್ನು ಸಂಪಾದಿಸಿ ಲೋಕಕ್ಕೆ ಕೊಟ್ಟವರು. ಜೆಸ್ವಿತ್ ಆಂದ್ರಾದೆ 1624ರಲ್ಲೇ ಹಿಮಾಲಯ ದಾಟಿ ಟಿಬೆಟಿನ ತ್ಸಾಪರಾಂಗ್ ಮುಟ್ಟಿದ್ದ. ಆ ಯಾತ್ರೆಗಳ ಕಾಗದವನ್ನೆಲ್ಲ ಓದಿ ಅರಗಿಸಿಕೊಂಡ ಮನುಷ್ಯ ಹೋಸ್ಟನ್. ಟಿಬೆಟಿಗೆ ಹೋಗಿಬಂದವನ ಬಾಯಲ್ಲಿ ಯಾವ ವಿವರ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. 1923ರಿಂದ ಕಲ್ಕತ್ತದ ಕ್ಯಾಥೊಲಿಕ್ ಪತ್ರಿಕೆಯಲ್ಲಿ ಕಂತು ಕಂತಾಗಿ ಬರೆದರು. ಅವರು ಮಾಡಿದ ಕೆಲಸ ಸರಳ, ಬೇಸರ ಬರಿಸುವಂಥದ್ದು: ಒಂದೇ ಘಟನೆಯನ್ನು ಸಾಧು ಬೇರೆ ಬೇರೆ ವರ್ಷ ಹೇಳಿದ್ದನ್ನು ಪಕ್ಕಪಕ್ಕ ಇಟ್ಟು ಓದಿದರು, ಹೆಸರಿಸಿದ ಊರಿಗೆಲ್ಲ ಕಾಗದ ಬರೆದರು, ದಿನಾಂಕಗಳನ್ನು ಕೂಡಿಸಿ ಕಳೆದರು. 1913ರ ಉಪವಾಸವೇ ನೋಡಿ. ಹರಿದ್ವಾರ ಮತ್ತು ಡೆಹ್ರಾಡೂನಿನ ನಡುವಿನ ಕಾಡಿನಲ್ಲಿ ನಲವತ್ತು ದಿನ ಅಂತ ಪ್ರಚಾರವಾಗಿತ್ತು. ಆ ಹೊತ್ತಿಗೆ ಸಾಧು ಸತ್ತರೆಂದು ಗೆಳೆಯರಿಗೆ ತಂತಿಗಳೂ ಬಂದಿದ್ದವು. ತಂತಿಗೆ ದಿನಾಂಕ ಇರುತ್ತದೆ. ಆ ದಿನಾಂಕಗಳ ನಡುವೆ ನಲವತ್ತು ದಿನ ಹಿಡಿಸುವುದಿಲ್ಲ ಅಂತ ವಾದಿಸಿದರು.

ಅವರ ಭಾಷೆ ಒರಟಾಗಿತ್ತು ಅನ್ನುವುದು ಸುಳ್ಳಲ್ಲ. ಪ್ರೊಟೆಸ್ಟೆಂಟರಿಗೊಬ್ಬ ಪವಾಡಪುರುಷ ಸಿಕ್ಕಿದ್ದು ಸಹಿಸಲಾಗಲಿಲ್ಲ ಅನ್ನುವುದರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಬರೆದವನ ಮನಸ್ಸು ಕಹಿ ಅಂತ ತಂತಿಯ ದಿನಾಂಕ ಬದಲಾಗುವುದಿಲ್ಲವಲ್ಲ!

ಹಳೆ ಕಾಗದ

ಬಿಜೈಯವರ ಮಾತಿಗೆ ನನ್ನ ಪೂರ್ತಿ ಸಹಮತ ಇದೆ. ಹೋಸ್ಟನ್ನರ ತೀರ್ಮಾನ ಬಿಟ್ಟರೂ ಅವರ ವಿಧಾನವನ್ನು ಬಿಡಲಾಗದು.

ಯುರೋಪಿನಲ್ಲಿ ಆದದ್ದನ್ನೂ ಸೇರಿಸುತ್ತೇನೆ. ಜೂರಿಕ್‌ನ ಆಸ್ಕರ್ ಫಿಸ್ಟರ್ ಪಾದ್ರಿಯೂ ಹೌದು, ಫ್ರಾಯ್ಡನ ಗೆಳೆಯ ಮನೋವಿಶ್ಲೇಷಕನೂ ಹೌದು. 1926ರಲ್ಲಿ ಸುಂದರ್ ಸಿಂಗರ ವಿರುದ್ಧ ಇಡೀ ಪುಸ್ತಕ ಬರೆದ. ಮಾರ್ಬುರ್ಗಿನ ಪ್ರಾಧ್ಯಾಪಕ ಫ್ರೆಡ್ರಿಕ್ ಹೈಲರ್ ಸುಂದರ್ ಸಿಂಗರ ಪರವಾಗಿ 1924ರಲ್ಲೊಂದು, ಮುಂದಿನ ವರ್ಷ ಇನ್ನೊಂದು ಪುಸ್ತಕ ತಂದ. ಇಬ್ಬರೂ ಭಾರತಕ್ಕೆ ಕಾಗದದ ಮೇಲೆ ಕಾಗದ ಬರೆದು ಸಾಕ್ಷಿ ಕೂಡಿಹಾಕಿದರು. ಆ ಶ್ರಮ ದೊಡ್ಡದು. ಆದರೆ ಒಳಗಿನ ತರ್ಕ ನೋಡಿದರೆ ಬೇಸರವಾಗುತ್ತದೆ. ಹೈಲರನ ಬಳಿ ಬಂದ ಪತ್ರಗಳಲ್ಲಿ ಹೆಚ್ಚಿನವು "ಈತ ಸಜ್ಜನ, ಪ್ರಾರ್ಥನಾಶೀಲ, ಸುಳ್ಳು ಹೇಳುವವನಲ್ಲ" ಅನ್ನುವಂಥವು. ಫಿಸ್ಟರನದು "ಬಾಲ್ಯದಲ್ಲೇ ತಾಯಿ ಸತ್ತಳು, ಮನಸ್ಸಿಗೆ ಪೆಟ್ಟು ಬಿತ್ತು, ಹಾಗಾಗಿ ಕಟ್ಟುಕಥೆ" ಅನ್ನುವ ದಾರಿ. ಸಜ್ಜನನಾದ ಮಾತ್ರಕ್ಕೆ ರಸಾರಿಗೆ ಹೋಗಿದ್ದ ಅಂತ ಆಗುವುದಿಲ್ಲ, ಎಳವೆಯಲ್ಲಿ ನೊಂದವನಾದ ಮಾತ್ರಕ್ಕೆ ಹೋಗಿರಲಿಲ್ಲ ಅಂತಲೂ ಆಗುವುದಿಲ್ಲ. ಸುಂದರ್ ಸಿಂಗರನ್ನು ದೂರದಿಂದ ಮಂಚದ ಮೇಲೆ ಮಲಗಿಸಿ ಮನಸ್ಸು ಬಗೆದ ಫಿಸ್ಟರನ ರೀತಿ ನನಗೆ ಹಿಡಿಸುವುದಿಲ್ಲ. ಮಲಪ್ರಭಾ ಅಕ್ಕನ ಸಿಟ್ಟು ಅಲ್ಲಿ ನ್ಯಾಯವಾದದ್ದು.

ನೇರ ಮಾತು

ಇಷ್ಟೆಲ್ಲ ಯಾಕೆ? ಮೂರು ಸುಳ್ಳು ಹೇಳಿದವನ ನಾಲ್ಕನೇ ಮಾತನ್ನೂ ನಂಬಬಾರದು. ಟಿಬೆಟ್ ಕಥೆ ಬಿದ್ದಮೇಲೆ ಯುರೋಪು ಅಮೆರಿಕ ಕೂಡ ಮಿಶನರಿಗಳು ಉಬ್ಬಿಸಿದ ಪ್ರಚಾರ ಅಷ್ಟೇ. ಆ ಕಾಲದಲ್ಲಿ ಹಳ್ಳಿಯ ಸಾಧು ಒಬ್ಬ ಆರು ದೇಶಕ್ಕೆ ಹೋಗುವುದೇ ನಂಬಲಾಗದ್ದು.

ಯಾರ್ರಾ ದಂಡೆ

ನೇರ ಮಾತು ಅವರೇ, ನಾನಿರುವುದು ಮೆಲ್ಬರ್ನ್. ನೀವು ಬೆಂಗಳೂರಿನಲ್ಲೇ ಕೂತು ಇದನ್ನು ಪರೀಕ್ಷಿಸಬಹುದು, ಒಂದು ರೂಪಾಯಿ ಖರ್ಚಿಲ್ಲ.

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದವರು ಟ್ರೋವ್ ಎಂಬ ತಾಣದಲ್ಲಿ ಇಲ್ಲಿನ ಹಳೆಯ ದಿನಪತ್ರಿಕೆಗಳನ್ನು ಪುಟಪುಟವಾಗಿ ಹಾಕಿದ್ದಾರೆ. ಸಿಡ್ನಿ, ಮೆಲ್ಬರ್ನ್, ಅಡಿಲೇಡ್, ಪರ್ತ್ ಮಾತ್ರವಲ್ಲ, ಸಣ್ಣ ಊರಿನ ವಾರಪತ್ರಿಕೆಗಳೂ ಇವೆ. ಕಾಲವನ್ನು 1920ರ ಆಗಸ್ಟ್, ಸೆಪ್ಟೆಂಬರ್‌ಗೆ ಕಟ್ಟಿ ಸಾಧುವಿನ ಹೆಸರು ಹಾಕಿ. ಸಭೆಗಳ ಸುದ್ದಿ ಕಣ್ಣೆದುರಿಗೆ ಬರುತ್ತದೆ. ಬರೆದವರು ಮಿಶನರಿಗಳಲ್ಲ, ಪತ್ರಿಕೆಯ ವರದಿಗಾರರು. ಕುರಿ ಉಣ್ಣೆಯ ದರ, ಕುದುರೆ ಜೂಜಿನ ಫಲಿತಾಂಶ ಬರುವ ಪತ್ರಿಕೆಗಳಲ್ಲೇ ಇದೂ ಇದೆ. ಜನವರಿಯಲ್ಲಿ ಇವರು ಎಲ್ಲಿದ್ದರು ಅಂತಲೂ ಹುಡುಕಿ ನೋಡಿ. ಆಗ ಇಲ್ಲಿ ಅವರ ಸಭೆ ನಡೆದ ಸುದ್ದಿ ಸಿಗಬಾರದು, ಯಾಕೆಂದರೆ ಆ ತಿಂಗಳು ಅವರು ಇಂಗ್ಲೆಂಡಿನ ಹಡಗಿನಲ್ಲಿ ಇರಬೇಕು. ಇರಬೇಕಾದಲ್ಲಿ ಇದ್ದಾರೆ, ಇರಬಾರದಲ್ಲಿ ಇಲ್ಲ ಅಂತ ಎರಡೂ ಕಡೆಯಿಂದ ನೋಡಿದರೆ ಮಾತ್ರ ಪರೀಕ್ಷೆ ಪೂರ್ತಿಯಾಗುವುದು.

ಸ್ವಿಟ್ಜರ್ಲೆಂಡಿನ ಪತ್ರಿಕೆಗಳಿಗೂ ಇಂಥದೇ ಸಾರ್ವಜನಿಕ ತಾಣ ಇದೆ. ಹಾಲೆಂಡಿನವರಿಗೆ ಡೆಲ್ಫರ್, ಸಿಂಗಾಪುರಕ್ಕೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ್ದು, ಅಮೆರಿಕಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್ಸಿನದು. ಒಂದು ಎಚ್ಚರಿಕೆ: ಹೆಸರಿನ ಕಾಗುಣಿತ ಊರಿಗೊಂದು ಥರ ಇರುತ್ತದೆ. ಫ್ರೆಂಚ್ ಪತ್ರಿಕೆಗಳು ಬರೆಯುವುದೇ ಬೇರೆ. ಯಂತ್ರ ಓದುವಾಗ ಅಕ್ಷರವೂ ತಪ್ಪಿರುತ್ತದೆ. "ಇಂಡಿಯನ್ ಸಾಧು" ಅಂತಲೋ, ಸಭೆ ನಡೆದ ಚರ್ಚಿನ ಹೆಸರಿನಿಂದಲೋ ಹುಡುಕಿದರೆ ಹೆಚ್ಚು ಸಿಗುತ್ತದೆ. ಮೊದಲ ಸಲ ಸಿಗಲಿಲ್ಲ ಅಂತ "ನಡೆದೇ ಇಲ್ಲ" ಅಂದುಬಿಡಬೇಡಿ.

ಹಳೆ ಕಾಗದ

ಇದಕ್ಕೆ ಸರ್ಕಾರಿ ಕಾಗದವನ್ನೂ ಸೇರಿಸಿಕೊಳ್ಳಿ. ಮೊದಲ ಮಹಾಯುದ್ಧದ ಹೊತ್ತಿಗೆ ಭಾರತದಿಂದ ಹೊರಹೋಗುವವರಿಗೆ ಪಾಸ್‌ಪೋರ್ಟಿನ ಕಟ್ಟುನಿಟ್ಟು ಬಂತು, 1920ರಲ್ಲಿ ಭಾರತದೊಳಗೆ ಬರುವವರಿಗೆ ಪಾಸ್‌ಪೋರ್ಟ್ ಕಾಯ್ದೆಯೇ ಆಯಿತು. ಬ್ರಿಟನ್ನಿನ ಬಂದರುಗಳಲ್ಲಿ ಇಳಿದ ಪ್ರಯಾಣಿಕರ ಪಟ್ಟಿಗಳು ಅಲ್ಲಿನ ನ್ಯಾಷನಲ್ ಆರ್ಕೈವ್ಸಿನಲ್ಲಿವೆ. ನಮ್ಮ ದೆಹಲಿಯ ರಾಷ್ಟ್ರೀಯ ಪತ್ರಾಗಾರದವರು ಅಭಿಲೇಖ್ ಪಟಲ್ ಎಂಬ ತಾಣದಲ್ಲಿ ಕಡತಗಳ ಸೂಚಿ ಹಾಕಿದ್ದಾರೆ. ಯುದ್ಧ ಮುಗಿದ ಆ ವರ್ಷಗಳಲ್ಲಿ ಹಡಗು ಹತ್ತಿದ ಭಾರತೀಯನೊಬ್ಬ ಕಾಗದದ ಗುರುತು ಬಿಡದೆ ಹೋಗುವುದು ಕಷ್ಟ.

"ಆರು ದೇಶಕ್ಕೆ ಹೋಗುವುದೇ ನಂಬಲಾಗದ್ದು" ಎಂಬುದಕ್ಕೆ ಇಷ್ಟೇ: 1893ರಲ್ಲೇ ವಿವೇಕಾನಂದರು ಮುಂಬಯಿಯಿಂದ ಕೊಲಂಬೊ, ಸಿಂಗಾಪುರ, ಹಾಂಗ್‌ಕಾಂಗ್, ಜಪಾನ್ ಮಾರ್ಗವಾಗಿ ವ್ಯಾಂಕೂವರ್ ಮುಟ್ಟಿ ಅಲ್ಲಿಂದ ರೈಲಿನಲ್ಲಿ ಶಿಕಾಗೊ ಸೇರಿದ್ದರು. ಹಡಗಿನ ದಾರಿ ಇತ್ತು, ದುಡ್ಡು ಕೊಡುವವರು ಬೇಕಿತ್ತು. ಒಂದು ಪ್ರಯಾಣ ಸುಳ್ಳಾದರೆ ಎಲ್ಲ ಸುಳ್ಳು ಎಂಬ ನಿಮ್ಮ ನಿಯಮವನ್ನು ತಿರುಗಿಸಿದರೆ, ಒಂದು ನಿಜವಾದರೆ ಎಲ್ಲ ನಿಜ ಎಂದು ಕೂಟದ ಪ್ರಸಂಗಿಗಳು ಹೇಳಿದ್ದೇ ಆಗುತ್ತದೆ. ಎರಡೂ ಒಂದೇ ಅಡ್ಡದಾರಿ.

ಮಲಪ್ರಭಾ

ಎಲ್ಲಾ ಓದಿದ್ಯಾ. ಚಲೋ ಬರದೀರಿ. ಆದ್ರ ಒಂದ್ ಮಾತು ನಿಮ್ಮ ಲೆಕ್ಕದಾಗ ಬಿಟ್ಟದ.

ಲಂಡನ್ನಿಗೆ ಹೋದಾಂವ ಹಡಗದ ಚೀಟಿ ತಗೊಂಡ್ ಹೋಗ್ತಾನ, ಹೋಟೆಲಿನ್ಯಾಗೋ ಪಾದ್ರಿ ಮನ್ಯಾಗೋ ಇರ್ತಾನ, ಪೇಪರಿನ್ಯಾಗ ಬರ್ತಾನ. ಬೆಟ್ಟದಾಗ ಕಂಬಳಿ ಹೊದ್ದು ನಡಕೋತ ಹೋದ ಸಾಧು ಯಾವ ಚೀಟಿ ಬಿಟ್ಟ್ ಹೋಗ್ತಾನ್ರಿ? ಟಿಬೆಟಿನ್ಯಾಗ ಅವಾಗ ಪೇಪರ ಎಲ್ಲಿತ್ತು? ಸುವಾರ್ತಿ ಹೇಳಾಕ ಬಂದಾವನ್ನ ಹೊಡದ ಊರು, "ಹೌದ್ರಿ ನಾವ ಹೊಡದ್ವಿ" ಅಂತ ಬರದ್ ಇಡ್ತದೇನು? ಕಾಗದ ಸಿಗಲಿಲ್ಲ ಅಂದ್ರ ಆಗಿಲ್ಲ ಅಂತ ಹೇಳಾಕ ಬರಂಗಿಲ್ಲ. ಬಡವನ ಪ್ರಯಾಣಕ್ಕ ಯಾವಾಗ್ಲೂ ಕಾಗದ ಕಡಿಮಿ.

ಮತ್ತ ಅಪ್ಪಾಸಾಮಿ ಅಂದ್ರಲ್ಲ, ಅವರು ಮುಂದ ಕೊಯಮತ್ತೂರಿನ ಬಿಷಪ್ ಆದ್ರು. ಸಾಧುನ ಬಗ್ಗೆ 1958ರಾಗ ಮತ್ತೊಂದ್ ಪುಸ್ತಕ ಬರದಾರ. ಈ ಮಹರ್ಷಿಯಂಥಾವು ಧ್ಯಾನದಾಗ, ಪರವಶ ಆದಾಗ ಕಂಡದ್ದಿರಬಹುದು ಅನ್ನೋ ಕಡೆ ಅವರ ಒಲವು. ಸಾಧು ತಾಸುಗಟ್ಟಲೆ ಪರವಶ ಆಗಿ ಕೂಡತಿದ್ದರು ಅನ್ನೋದಕ್ಕ ಸಾಕ್ಷಿ ಅದಾವ. ಕಂಡದ್ದನ್ನ ಕಂಡಂಗ ಹೇಳಿದಾವನ್ನ ಮೋಸಗಾರ ಅನ್ನೂದು ನನಗ ಒಪ್ಪಿಗಿ ಇಲ್ಲ.

ಬಿಜೈ ಬೀದಿ

ಮಲಪ್ರಭಾ ಬಾಯಿ, "ಕಾಗದ ಇಲ್ಲ ಅಂದರೆ ಆಗಿಲ್ಲ ಅಂತಲ್ಲ" ಎಂಬುದು ಸರಿ. ನಾನು ಒಪ್ಪುತ್ತೇನೆ. ಆದರೆ ಪರವಶತೆಯ ವಿವರಣೆ ಮಹರ್ಷಿಗೆ ಹೊಂದಬಹುದು, ಉಳಿದವಕ್ಕೆ ಹೊಂದುವುದಿಲ್ಲ. ಬಾವಿಯಲ್ಲಿ ಬಿದ್ದು ತೋಳು ನೋಯಿಸಿಕೊಂಡೆ ಅಂತ ಸಾಧು ಹೇಳಿದ್ದು ಮೈಗೆ ಆದ ಘಟನೆ ಅಂತಲೇ. ಸಾವಿರಾರು ಗುಪ್ತ ಸನ್ಯಾಸಿಗಳು ಎಂಬುದು ಭಾರತದ ನೆಲದ ಮೇಲಿನ ಲೆಕ್ಕ. ಅದನ್ನು ಕೇಳಿದ ಯುರೋಪಿನ ಜನ ದರ್ಶನ ಅಂತ ತಿಳಿಯಲಿಲ್ಲ, ವರದಿ ಅಂತ ನಂಬಿದರು. ಅದನ್ನು ನಂಬಿ ಪುಸ್ತಕ ಬರೆದರು.

ಮಲಪ್ರಭಾ

ಅದೂ ಖರೆ. ಗುಪ್ತ ಮಂಡಲಿ ವಿಷಯಕ್ಕ ನನ್ನ ಹತ್ರ ಉತ್ತರ ಇಲ್ಲ. ಬಾವಿ ಕಥಿ ನಾ ನಂಬತೀನಿ. ಆದ್ರ ಸಂಡೇ ಸ್ಕೂಲಿನ್ಯಾಗ ಹೇಳುವಾಗ "ಸಾಧು ಹೀಂಗ ಹೇಳ್ಯಾರ" ಅಂತ ಹೇಳ್ತೀನಿ, "ಹೀಂಗ ಆತು" ಅಂತ ಹೇಳೂದಿಲ್ಲ. ಲಂಡನ್ನಿಂದು ಹೇಳುವಾಗ "ಹೀಂಗ ಆತು" ಅಂತನ ಹೇಳ್ತೀನಿ.

ಕಾಪು ಕಡಲು

ಇಷ್ಟು ಕೇಳಿದ ಮೇಲೆ ಒಂದು ಪಕ್ಕದ ಪ್ರಶ್ನೆ. ಈಗಿನ ಪ್ರಸಂಗಿಗಳು "ನಲವತ್ತು ದೇಶದಲ್ಲಿ ಸೇವೆ", "ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸನ್ಮಾನ" ಅಂತ ಕರಪತ್ರದಲ್ಲಿ ಹಾಕಿಸುತ್ತಾರಲ್ಲ, ಅದನ್ನೂ ಹೀಗೇ ನೋಡಲು ಆಗುತ್ತದೆಯೇ? ನಮ್ಮ ಸಭೆಯ ಹಣ ಅಲ್ಲಿಗೆ ಹೋಗುತ್ತದೆ, ಹಾಗಾಗಿ ಕೇಳುತ್ತಿದ್ದೇನೆ.

ಯಾರ್ರಾ ದಂಡೆ

ಆಗುತ್ತದೆ, ಇನ್ನೂ ಸುಲಭ. ದೇಶಗಳ ಎಣಿಕೆ ಕೇಳಬೇಡಿ. ಯಾವ ಊರು, ಯಾವ ತಿಂಗಳು, ಕರೆಸಿದ ಸಭೆ ಯಾವುದು ಎಂಬ ಮೂರನ್ನು ಕೇಳಿ. ಕರೆಸಿದ ಸಭೆಗೆ ನೀವೇ ಇಮೇಲ್ ಬರೆಯಿರಿ. ವಿಳಾಸವನ್ನು ಪ್ರಸಂಗಿಯಿಂದ ತೆಗೆದುಕೊಳ್ಳಬೇಡಿ, ಆ ಸಭೆಯ ಸ್ವಂತ ಜಾಲತಾಣದಲ್ಲಿ ನೋಡಿ. ಇಲ್ಲಿನ ಚರ್ಚುಗಳಲ್ಲಿ ಹೊರಗಿನ ಪ್ರಸಂಗಿಗಳ ಹೆಸರು ವಾರದ ಪತ್ರಿಕೆಯಲ್ಲಿ ಬರುತ್ತದೆ, ಪೂಜೆಯ ವಿಡಿಯೊ ಇರುತ್ತದೆ. ಪಾರ್ಲಿಮೆಂಟ್ ಅಂದರೆ: ವೆಸ್ಟ್‌ಮಿನ್‌ಸ್ಟರ್ ಕಟ್ಟಡದ ಕೋಣೆಗಳನ್ನು ಸದಸ್ಯರೊಬ್ಬರ ಮೂಲಕ ಕಾರ್ಯಕ್ರಮಕ್ಕೆ ಕಾದಿರಿಸಬಹುದು. ಅಲ್ಲಿ ಖಾಸಗಿ ಸಂಸ್ಥೆಯೊಂದು ಶಾಲು ಹೊದಿಸಿದರೆ ಅದು ಆ ಸಂಸ್ಥೆಯ ಸನ್ಮಾನ, ಪಾರ್ಲಿಮೆಂಟಿನದಲ್ಲ.

ಹಳೆ ಕಾಗದ

ಆರ್‌ಟಿಐ ಹಾಕಿ ಪಾಸ್‌ಪೋರ್ಟ್ ವಿವರ ಕೇಳೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಬೇಡ. ಬೇರೆಯವರ ವೈಯಕ್ತಿಕ ಮಾಹಿತಿಯನ್ನು ಕಾಯ್ದೆಯ 8(1)(ಜೆ) ಕಲಮಿನಡಿ ನಿರಾಕರಿಸುತ್ತಾರೆ. ಅದರ ಅಗತ್ಯವೂ ಇಲ್ಲ. ಹಣ ಕೊಡುವ ಸಭೆಗೆ ಲೆಕ್ಕ ಕೇಳುವ ಹಕ್ಕು ಇದೆ, ಸಭಾಪಾಲಕರ ಮೂಲಕ ಬಾಯಿಬಿಟ್ಟು ಕೇಳಿ.

ನೇರ ಮಾತು

ಟ್ರೋವ್‌ನಲ್ಲಿ ನೋಡಿದೆ. 1920ರ ಸಭೆಗಳ ವರದಿ ಇವೆ. ಆಸ್ಟ್ರೇಲಿಯಾದ ಮಟ್ಟಿಗೆ ನನ್ನ ತಕರಾರು ಇಲ್ಲ. ಆದರೆ ಕೊನೆಯದು? 1929ರಲ್ಲಿ ಟಿಬೆಟಿಗೆ ಹೋಗಿ ಹುತಾತ್ಮರಾದರು ಅಂತ ಹೇಳುತ್ತಾರಲ್ಲ, ಅದಕ್ಕೆ ಏನು ಆಧಾರ?

ಹಳೆ ಕಾಗದ

ಒಳ್ಳೆಯ ಪ್ರಶ್ನೆ. ಹುತಾತ್ಮ ಎಂಬುದಕ್ಕೆ ಆಧಾರ ಇಲ್ಲ. ಹೊರಟರು, ಮರಳಲಿಲ್ಲ. ಇಷ್ಟು ಮಾತ್ರ ಗೊತ್ತಿರುವುದು.

1922ರ ನಂತರ ಅವರ ಆರೋಗ್ಯ ಕೆಟ್ಟಿತ್ತು. ಎದೆಯ ಬೇನೆ, ಕಣ್ಣಿನ ತೊಂದರೆ. 1927ರಲ್ಲಿ ಟಿಬೆಟಿಗೆ ಹೊರಟು ದಾರಿಯಲ್ಲೇ ರಕ್ತಸ್ರಾವವಾಗಿ ಹಿಂದಕ್ಕೆ ತರಬೇಕಾಯಿತು. 1929ರ ಏಪ್ರಿಲಿನಲ್ಲಿ ಸಬಾಥುವಿನಿಂದ ಮತ್ತೆ ಹೊರಟರು. ಗೊತ್ತುಮಾಡಿದ್ದ ಸಮಯಕ್ಕೆ ಬರದೇ ಇದ್ದಾಗ ನ್ಯೂಜಿಲೆಂಡಿನ ಮಿಶನರಿ ಟಿ. ಇ. ರಿಡಲ್ ಮತ್ತು ಡಾ. ಟೇಲರ್ ಎಂಬವರು ಹಿಮಾಲಯ ಹತ್ತಿ ಹುಡುಕಿದರು. ಯಾತ್ರಿಕರ ದಾರಿಯಲ್ಲಿ, ಗಡಿಯ ಆಚೆ, ವ್ಯಾಪಾರಿಗಳ ಬಳಿ ವಿಚಾರಿಸಿದರು. ಸುಳಿವು ಸಿಗಲಿಲ್ಲ. 1933ರಲ್ಲಿ ಸರ್ಕಾರ ಅವರನ್ನು ತೀರಿಕೊಂಡವರೆಂದು ಪರಿಗಣಿಸಿತು, ಉಯಿಲು ಜಾರಿಗೆ ಬಂತು. ನಲವತ್ತು ವರ್ಷವೂ ತುಂಬದ, ಎದೆಯ ಬೇನೆಯ ಮನುಷ್ಯ ಹದಿನಾರು ಹದಿನೇಳು ಸಾವಿರ ಅಡಿಯ ಕಣಿವೆಬಾಗಿಲು ದಾಟಲು ಹೋದದ್ದು. ಕಾಯಿಲೆ, ಕಾಲರಾ, ಜಾರಿದ ಹೆಜ್ಜೆ ಯಾವುದೂ ಆಗಿರಬಹುದು. ಟಿಬೆಟಿನವರು ಕೊಂದರು ಅಂತ ವೇದಿಕೆಯಿಂದ ಹೇಳುವುದು ಆ ಜನರ ಮೇಲೆ ಸಾಕ್ಷಿಯಿಲ್ಲದ ಕೊಲೆಯ ಆರೋಪ. ಇದನ್ನು ಮಾತ್ರ ಯಾರೂ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಟಿಬೆಟಿನ ಬಗ್ಗೆ ಇನ್ನೂ ಹುಡುಕುವ ಜಾಗ ಇದೆ. 1904ರ ಒಪ್ಪಂದದ ನಂತರ ಪಶ್ಚಿಮ ಟಿಬೆಟಿನ ಗಾರ್ತೋಕಿನಲ್ಲಿ ಬ್ರಿಟಿಷರ ವ್ಯಾಪಾರ ಪ್ರತಿನಿಧಿ ಇರುತ್ತಿದ್ದ. ಅವನ ದಿನಚರಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗ‌ಳೊಳಗಿವೆ. ಗಡಿ ದಾಟಿ ಬಂದ ಹೊರಗಿನವರ ಮೇಲೆ ಕಣ್ಣಿಡುವುದು ಅವನ ಕೆಲಸ. ಪೂ ನೆಲೆಯ ಮೊರಾವಿಯನ್ನರು ತಮ್ಮ ಕೇಂದ್ರಕ್ಕೆ ಕಳಿಸಿದ ವರದಿಗಳು ಜರ್ಮನಿಯ ಹೆರ್ನ್‌ಹುಟ್ ಪತ್ರಾಗಾರದಲ್ಲಿ ಇರಬೇಕಾದವು. ಮಲಪ್ರಭಾ ಅಕ್ಕ ಹೇಳಿದ ಕಾಗದದ ಕೊರತೆ ಸ್ವಲ್ಪವಾದರೂ ನೀಗುವುದಿದ್ದರೆ ಅಲ್ಲಿಂದಲೇ.

ಬಿಜೈ ಬೀದಿ

ನಮ್ಮ ಊರಿನಲ್ಲೂ ಒಂದು ಎಳೆ ಇದೆ ಅನ್ನಿಸುತ್ತದೆ. ಮಹಾಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಜರ್ಮನರನ್ನು ಬ್ರಿಟಿಷರು ಹೊರಗೆ ಕಳಿಸಿದ ಮೇಲೆ ಕನ್ನಡ ಜಿಲ್ಲೆಗಳ ಕೆಲಸ ವಹಿಸಿಕೊಂಡದ್ದು ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಕಟ್ಟಿದ ಕನ್ನಡ ಮಿಶನ್, ಕೆನರೀಸ್ ಇವ್ಯಾಂಜೆಲಿಕಲ್ ಮಿಶನ್ ಅಂತ. 1922ರಲ್ಲಿ ಸಾಧು ಸ್ವಿಟ್ಜರ್ಲೆಂಡಿಗೆ ಹೋದಾಗ ಲೋಸಾನಿನಲ್ಲೂ ಸಭೆಗಳಾದವು. ಮಂಗಳೂರು, ಧಾರವಾಡದ ಬಗ್ಗೆ ಕಾಳಜಿ ಇದ್ದ ಆ ಮಿಶನ್ನಿನವರು ಆ ವರ್ಷದ ವರದಿಯಲ್ಲಿ ಏನು ಬರೆದಿದ್ದಾರೆ ಎಂದು ನೋಡುವುದು ಯೋಗ್ಯ. ನಾನು ಫ್ರೆಂಚ್ ಸ್ವಲ್ಪ ಓದಬಲ್ಲೆ.

ಹಳೆ ಕಾಗದ

ನಿಮ್ಮ ಫ್ರೆಂಚ್ ಈಗ ನಮ್ಮ ಕೆಲಸಕ್ಕೆ ಬರಲಿ! ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಶನ್ನಿನ ಹಳೆಯ ಕಾಗದಗಳಿವೆ, ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲೂ ಒಳ್ಳೆಯ ಸಂಗ್ರಹ ಇದೆ. ಬೆಂಗಳೂರಿನದನ್ನು ನಾನು ನೋಡುತ್ತೇನೆ. 1918ರ ದಕ್ಷಿಣ ಭಾರತದ ಪ್ರವಾಸ, 1922ರ ಸ್ವಿಟ್ಜರ್ಲೆಂಡ್, ಈ ಎರಡು ವರ್ಷ ಮೊದಲು. ಹೋಗುವ ಮುಂಚೆ ಪತ್ರಾಗಾರದವರಿಗೆ ಬರೆದು ದಿನ ಗೊತ್ತುಮಾಡಿಕೊಳ್ಳಿ, ನೇರವಾಗಿ ಹೋದರೆ ಕಡತ ತೆಗೆದಿಟ್ಟಿರುವುದಿಲ್ಲ.

ಕಾಪು ಕಡಲು

ಬಲ್ಮಠಕ್ಕೆ ನಾನು ಬರುತ್ತೇನೆ ಬಿಜೈಯವರೇ. ಸೊಸೆಯೂ ಬರುತ್ತೇನೆ ಅಂತಿದ್ದಾಳೆ. ಪರೀಕ್ಷೆ ಮುಗಿಯಲಿ, ಶನಿವಾರ ತೆರೆದಿರುತ್ತದೆಯೋ ಅಂತ ನಾನೇ ಫೋನ್ ಮಾಡಿ ಕೇಳುತ್ತೇನೆ.